ಲೇಜಿಮ್ ಸೀರೆಗಳೂ ಒಣಗಿಸಲೊಲ್ಲದ ಯಂತ್ರವೂ

ಅದು ನಮ್ಮ ಓಣಿಗೆ ನೀರು ಬರುವ ದಿನ. ಹುಬ್ಬಳ್ಳಿಯಲ್ಲಿ ಸಂಸಾರ ಮಾಡಿದವರಿಗೆ ಇಷ್ಟು ಹೇಳಿದರೆ ಸಾಕು, ಬೆಳಗು ಹೇಗಿತ್ತು ಎಂದು ತಿಳಿಯುತ್ತದೆ. ಉಳಿದವರಿಗಾಗಿ ಹೇಳುತ್ತೇನೆ. ವಾರಕ್ಕೊಮ್ಮೆಯೋ, ತನ್ನ ಮನಸ್ಸಿಗೆ ಬಂದಾಗಲೋ ನಲ್ಲಿ ಕೆಮ್ಮಿ ಕೆಮ್ಮಿ ಗಾಳಿ ಉಗುಳಿ ಆಮೇಲೆ ನೀರು ಬಿಡುವ ಬೆಳಿಗ್ಗೆ, ಮನೆಯಲ್ಲಿ ಯಾರೂ ಮೊದಲು ಮುಖ ತೊಳೆಯುವುದಿಲ್ಲ. ಮೊದಲು ಕೊಡಗಳು, ಆಮೇಲೆ ಬಕೀಟುಗಳು, ಹಂಡೆ, ಸ್ಟೀಲಿನ ಡಬ್ಬಿಗಳು, ಕಡೆಗೆ ಚಹದ ಲೋಟಗಳೂ ಸಾಲಿಗೆ ನಿಲ್ಲುತ್ತವೆ. ಮಾಳಿಗೆಯ ಮೇಲಿನ ಟಾಕಿ ತುಂಬಿ ಹೊರಚೆಲ್ಲುವ ಸಪ್ಪಳ ಕೇಳಿದಾಗಲೇ ನಮ್ಮ ಅತ್ತೆಯವರ ಮುಖ ಸಡಿಲವಾಗುತ್ತಿತ್ತು. ಅವರು ಆಗ ಸ್ನಾನ ಮಾಡಿ, ಹಣೆಗೆ, ತೋಳಿಗೆ ವಿಭೂತಿ ಎಳೆದುಕೊಂಡು, ಲಿಂಗಪೂಜೆ ಮುಗಿಸಿ, ಎಲ್ಲಾದರೂ ಒಂದು ಹನಿ ವ್ಯರ್ಥ ಹೋಗುತ್ತಿದೆಯೇ ಎಂದು ಮನೆಯ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದರು. ನಾನು ರೊಟ್ಟಿ ಬಡಿಯುತ್ತಿದ್ದೆ. ಅಮರಗೋಳದ ಮಾರ್ಕೆಟ್ ಯಾರ್ಡಿನಲ್ಲಿ ಕಾಳಿನ ವ್ಯಾಪಾರ ಮಾಡುವ ನಮ್ಮವರು ಒಂದು ಕಾಲಿಗೆ ಮೋಜಾ ಹಾಕಿಕೊಂಡು ಇನ್ನೊಂದನ್ನು ಹುಡುಕುತ್ತಿದ್ದರು.

ಎಲ್ಲ ದಿನದಂತೆಯೇ ಇತ್ತು, ಬಚ್ಚಲಿನ ಮೂಲೆಯ ಬುಟ್ಟಿಯೊಂದನ್ನು ಬಿಟ್ಟರೆ. ಆ ಬುಟ್ಟಿಯಲ್ಲಿ ಕೆಸರಾದ ಎಂಟು ಬಿಳಿ ಸೀರೆಗಳಿದ್ದವು. ಸಂಜೆ ಐದರ ಹೊತ್ತಿಗೆ ಅವು ಒಗೆದು ಒಣಗಿ ಎಂಟು ಜನ ಹೆಂಗಸರ ಮೈಮೇಲಿರಬೇಕಿತ್ತು. ಹೊರಗೆ ಶ್ರಾವಣದ ಜಿಟಿಜಿಟಿ ಮಳೆ. ಇಡೀ ಊರಿನಲ್ಲಿ ಒಂದು ಕರವಸ್ತ್ರ ಒಣಗುವಷ್ಟು ಬಿಸಿಲಿರಲಿಲ್ಲ.

ಗೃಹಿಣಿಗೆ ಎಲ್ಲಿಯ ನಿವೃತ್ತಿ ಎಂದು ನನ್ನ ಗೆಳತಿಯರು ನಗುತ್ತಾರೆ. ನನಗಂತೂ ಆಗಿದೆ. ಮೊಳಕಾಲು ಬಗ್ಗದಾದ ಮೇಲೆ ಬಟ್ಟೆಯ ಯಂತ್ರದ ಚಾರ್ಜನ್ನು ಸೊಸೆಗೆ ವಿಧಿಪೂರ್ವಕ ಒಪ್ಪಿಸಿ, ಅದರ ಎದುರಿನ ಮರದ ಸ್ಟೂಲಿನಿಂದ ಎದ್ದುಬಂದಿದ್ದೇನೆ. ಆ ಸ್ಟೂಲಿನ ಮೇಲೆ ನಾನು ಕಳೆದ ತಾಸುಗಳನ್ನು ಯಾವುದಾದರೂ ಕಚೇರಿಯಲ್ಲಿ ಕಳೆದಿದ್ದರೆ ಹಾರ ಹಾಕಿ ಗಡಿಯಾರ ಕೊಟ್ಟು ಕಳಿಸುತ್ತಿದ್ದರು. ಓಣಿಯ ಹೊಸ ಸೊಸೆಯಂದಿರು ಈಗಲೂ ಬಂದು, ಕಾಕೂ, ನಮ್ಮ ಮಷೀನು ಅಳುತ್ತದೆ, ನಡುಗುತ್ತದೆ, ಬಾಗಿಲು ತೆಗೆಯಲೊಲ್ಲದು ಎಂದು ದೂರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮೆಕ್ಯಾನಿಕ್ ಬಂದು ಹೇಳುವುದನ್ನು ನಾನು ಹೇಳುವುದಿಲ್ಲ. ಅವನು ಹೋದಮೇಲೆ ನಮಗೆ ಗೊತ್ತಾಗುವುದನ್ನು ಹೇಳುತ್ತೇನೆ.

ಯಂತ್ರ ನಮ್ಮ ಮನೆಗೆ ಬಂದಾಗ ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾವು ಆಗ ಉಣಕಲ್‌ನಲ್ಲಿ ಹೊಸ ಮನೆ ಕಟ್ಟಿಸಿದ್ದೆವು. ನಮ್ಮವರು ಒಂದು ಪ್ರದರ್ಶನಕ್ಕೆ ಮಿಕ್ಸರ್ ತರಲು ಹೋದವರು ಟೆಂಪೋದಲ್ಲಿ ಇದನ್ನು ಹೇರಿಸಿಕೊಂಡು ಬಂದರು. ಹೊರದೇಶದ ಮಾಲು. ಒಗೆಯುವುದೂ ಅದೇ, ಒಣಗಿಸುವುದೂ ಅದೇ. ಮುಂದಿನ ಗುಂಡನೆಯ ಗಾಜಿನ ಬಾಗಿಲಿನಿಂದ ಒಳಗಿನ ಬಟ್ಟೆಗಳು ಗಿರಿಗಿರಿ ತಿರುಗುವುದು ಕಾಣುತ್ತಿತ್ತು. ನಾನು ಧಾರವಾಡದ ಕಾನ್ವೆಂಟಿನಲ್ಲಿ ಓದಿದವಳು, ಎಂಥ ಇಂಗ್ಲಿಷ್ ಪುಸ್ತಕವನ್ನಾದರೂ ಓದಿ ನಡೆಸಿಕೊಂಡು ಹೋಗುತ್ತೇನೆ ಎಂಬ ಭರವಸೆಯ ಮೇಲೆ ಅವರು ಅದನ್ನು ಕೊಂಡಿದ್ದರು. ಪೆಟ್ಟಿಗೆ ಬಿಚ್ಚಿ ಪುಸ್ತಕ ತೆರೆದರೆ ಅದು ಇಂಗ್ಲಿಷಿನಲ್ಲಿರಲಿಲ್ಲ. ಯಾವ ದೇಶದ ಭಾಷೆಯೋ, ಅಕ್ಷರಗಳ ತಲೆಯ ಮೇಲೆಲ್ಲ ಚುಕ್ಕೆಗಳು. ಇಷ್ಟು ಓದಿದ ಸೊಸೆಗೂ ಓದಲು ಬಾರದ ಪುಸ್ತಕವೊಂದು ಜಗತ್ತಿನಲ್ಲಿದೆ ಎಂದು ತಿಳಿದು ಅತ್ತೆಯವರಿಗೆ ಆ ದಿನ ಆದ ಸಂತೋಷ ಅಷ್ಟಿಷ್ಟಲ್ಲ. ಸಂಜೆ ಶಾವಿಗೆ ಪಾಯಸ ಮಾಡಿಸಿದರು.

ಹೀಗಾಗಿ ನಾನು ಯಂತ್ರವನ್ನು ಓದದೆ, ನೋಡಿ ಕಲಿತೆ. ಹೊಲಿಗೆ ಕಲಿಸುವ ನಮ್ಮ ಸಿಸ್ಟರು, ಬಟ್ಟೆಯನ್ನು ಮೊದಲು ಮೂಸಿ ನೋಡು, ಆಮೇಲೆ ಮುಟ್ಟಿ ನೋಡು, ಕಡೆಗೆ ಕಣ್ಣಿನಿಂದ ನೋಡು ಎನ್ನುತ್ತಿದ್ದರು. ಯಂತ್ರಕ್ಕೂ ಅದೇ ನಿಯಮ.

ಮೊದಲ ಪಾಠ ನೊರೆಯದು. ಬಕೀಟಿಗೆ ಹಾಕುವ ಅಂದಾಜಿನಲ್ಲಿ ಮುಷ್ಟಿಗಟ್ಟಲೆ ಸೋಪಿನ ಪುಡಿ ಸುರಿದೆ. ನೊರೆ ಪುಡಿ ಹಾಕುವ ಖಾನೆಯಿಂದ ಉಕ್ಕಿ, ಬಚ್ಚಲು ದಾಟಿ, ಅಡುಗೆಮನೆ ಹೊಕ್ಕು, ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದ ನಮ್ಮವರ ಪಾದದವರೆಗೆ ಹೋಯಿತು. ಅವರು ಪೇಪರಿನಿಂದ ಕಣ್ಣೆತ್ತದೆ ಕಾಲು ಮೇಲೆ ತೆಗೆದುಕೊಂಡರು. ಎರಡು ಚಮಚ ಸಾಕು, ತಂಗಿಯರೇ. ಉಳಿದದ್ದು ನೆಲ ತೊಳೆಯಲು.

ಎರಡನೆಯದು ನಡೆದಾಟದ್ದು. ನಮ್ಮ ಬಚ್ಚಲಿನ ನೆಲ ನೀರು ಹರಿದುಹೋಗಲೆಂದು ಓರೆಯಾಗಿತ್ತು. ಬಟ್ಟೆ ಹಿಂಡುವ ವೇಗ ಬಂದಾಗ ಯಂತ್ರ ಗಡಗಡ ನಡುಗುತ್ತ ಬಾಗಿಲಿನ ಕಡೆ ಹೆಜ್ಜೆ ಹಾಕತೊಡಗಿತು. ಅತ್ತೆಯವರು ಒಂದು ಸೇರು ಅಕ್ಕಿ ತಂದು ಹೊಸ್ತಿಲ ಮೇಲಿಟ್ಟು, ಹೆಂಗೂ ಒಳಗ ಬರಾಕತ್ತೇತಿ, ಒದ್ದು ಬರಲಿ ಎಂದರು. ನಾನು ನಗುತ್ತ ಅದನ್ನು ಅಪ್ಪಿಕೊಂಡು ನಿಂತೆ. ನನ್ನ ಹಲ್ಲುಗಳು ಕಟಕಟ ಬಡಿದವು. ಆಮೇಲೆ ನಾಲ್ಕೂ ಕಾಲುಗಳ ತಿರುಪು ತಿರುಗಿಸಿ, ಮೇಲೆ ತುಂಬಿದ ನೀರಿನ ಲೋಟ ಇಟ್ಟು ಮಟ್ಟ ನೋಡುವುದನ್ನು ಕಲಿತೆ. ಲೋಟದ ನೀರು ಯಾವ ಕಡೆಗೂ ವಾಲದಿದ್ದರೆ ಯಂತ್ರ ಎಲ್ಲಿಗೂ ಹೋಗುವುದಿಲ್ಲ.

ಮೂರನೆಯದು ಕಿಸೆಯದು. ಕಾಳಿನ ವ್ಯಾಪಾರಿಯ ಅಂಗಿಯ ಕಿಸೆಯಲ್ಲಿ ಯಾವಾಗಲೂ ಮಾದರಿಯ ಒಂದು ಹಿಡಿ ಕಾಳು ಇರುತ್ತದೆ. ನಾಲ್ಕು ದಿನ ನಾವು ಬೈಲಹೊಂಗಲದ ಮದುವೆಗೆ ಹೋಗಿ ಬಂದು ನೋಡಿದರೆ ಗಾಜಿನ ಬಾಗಿಲಿನ ಸುತ್ತ ಇರುವ ರಬ್ಬರಿನ ಮಡಿಕೆಯಲ್ಲಿ ಹೆಸರುಕಾಳು ಬೆರಳುದ್ದ ಮೊಳಕೆಯೊಡೆದಿತ್ತು. ನೀರು ಹೊರಹಾಕುವ ಪಂಪಿನಲ್ಲಿ ಕಡಲೆ ಉಬ್ಬಿ ಕುಳಿತಿತ್ತು. ನಮ್ಮವರು ಮೊಳಕೆಯನ್ನು ಬೆಳಕಿಗೆ ಹಿಡಿದು ನೋಡಿ, ಬೀಜ ಛಲೋ ಐತಿ, ಈ ಮಾಲು ಹಿಡೀಬೇಕು ಎಂದರು. ಅಂದಿನಿಂದ ಕಿಸೆ ಜಾಡಿಸದೆ ಅಂಗಿ ಒಳಗೆ ಹಾಕಿದ್ದಿಲ್ಲ, ಪ್ರತಿ ಒಗೆತದ ನಂತರ ರಬ್ಬರಿನ ಮಡಿಕೆ ಒರೆಸದೆ ಬಿಟ್ಟದ್ದೂ ಇಲ್ಲ.

ಒಗೆಯುವುದು ಹೀಗೆ ಹಾದಿಗೆ ಬಂತು. ಒಣಗಿಸುವುದು ಮಾತ್ರ ಬರಲಿಲ್ಲ. ಗುಂಡಿ ತಿರುಗಿಸಿದರೆ ಯಂತ್ರ ಬಿಸಿಯಾಗುತ್ತಿತ್ತು, ತಿರುಗುತ್ತಿತ್ತು, ಹಾಡುತ್ತಿತ್ತು. ಬಾಗಿಲು ತೆರೆದರೆ ಇಡ್ಲಿ ಪಾತ್ರೆಯಂತೆ ಹಬೆ. ಒಳಗಿನ ಬಟ್ಟೆ ಬಿಸಿಬಿಸಿಯಾಗಿ, ಮೆತ್ತಗೆ, ಹೋದಷ್ಟೇ ಹಸಿಯಾಗಿ ಹೊರಗೆ ಬರುತ್ತಿತ್ತು. ಕಂಪನಿಯ ಮೆಕ್ಯಾನಿಕ್ ಟೈ ಕಟ್ಟಿಕೊಂಡು ಸ್ಕೂಟರಿನ ಮೇಲೆ ಬಂದ. ಅವನೆದುರು ಯಂತ್ರ, ಬೀಗರು ಬಂದಾಗ ಶಾಣ್ಯಾ ಆಗುವ ಹುಡುಗನಂತೆ, ಎರಡು ಟವೆಲುಗಳನ್ನು ಒಗೆದು ಹಪ್ಪಳದ ಹಾಗೆ ಒಣಗಿಸಿ ಕೊಟ್ಟಿತು. ಅವನು ಹೋದ ಮರುದಿನ ಮತ್ತೆ ಇಡ್ಲಿ. ಎರಡನೆಯ ಸಲ ಬಂದಾಗ ಏನೋ ಒಂದು ಭಾಗ ಬದಲಿಸಿದ. ಮತ್ತೆ ಅವನೆದುರು ಒಣಗಿತು, ಮತ್ತೆ ಅವನು ಹೋದಮೇಲೆ ಒಣಗಲಿಲ್ಲ. ಮೂರನೆಯ ಸಲ ಅವನು ಯಂತ್ರವನ್ನು ಬಿಟ್ಟು ನನ್ನನ್ನೇ ನೋಡಿದ. ಮನಸ್ಸಿಗೆ ಬ್ಯಾಸರಾ ಆಗಿದ್ರ ನಾಕ್ ದಿನ ತವರಿಗೆ ಹೋಗಿ ಬರ್ರಿ ಮೇಡಂ ಎಂದು ಬಹಳ ಮರ್ಯಾದೆಯಿಂದ ಸಲಹೆ ಕೊಟ್ಟ.

ಅತ್ತೆಯವರು ಮನೆಯೊಳಗೆ ಯಂತ್ರವನ್ನು ಬೈಯುತ್ತಿದ್ದರು. ಮನೆಯ ಹೊರಗೆ ಅದರ ಪ್ರತಾಪವನ್ನು ಕೊಂಡಾಡುತ್ತಿದ್ದರು. ಎಂಟು ಸೀರೆಗಳ ಕಥೆ ಹುಟ್ಟಿದ್ದು ಇಲ್ಲಿ.

ನಮ್ಮ ಕಾಲನಿಯ ಮಹಿಳಾ ಮಂಡಳದಲ್ಲಿ ಲೇಜಿಮ್ ತಂಡವೊಂದಿತ್ತು. ಶಾಲೆಯ ಮಕ್ಕಳು ಸ್ವಾತಂತ್ರ್ಯ ದಿನಕ್ಕೆ, ಬಿಲ್ಲಿಗೆ ಸಣ್ಣ ತಾಳಗಳನ್ನು ಪೋಣಿಸಿದಂಥ ಕೋಲು ಹಿಡಿದು ಝಲ್ ಝಲ್ ಎನಿಸುತ್ತ ಆಡುವ ಲೇಜಿಮನ್ನು ನಮ್ಮಲ್ಲಿ ಐವತ್ತು ದಾಟಿದ ಹೆಂಗಸರು ಬಿಳಿ ಸೀರೆ ಕಚ್ಚೆ ಕಟ್ಟಿಕೊಂಡು ಆಡುತ್ತಿದ್ದರು. ಅತ್ತೆಯವರು ಅದರ ನಾಯಕಿ. ಕೊರಳಲ್ಲಿ ಲಿಂಗದ ಕರಡಿಗೆಯ ಜೊತೆಗೆ ಒಂದು ಪೊಲೀಸರ ಸೀಟಿ ಇರುತ್ತಿತ್ತು. ಆ ನೀರಿನ ದಿನದ ಸಂಜೆ ಧಾರವಾಡದ ಸಭಾಗೃಹವೊಂದರಲ್ಲಿ ಧಾರವಾಡದ ತಂಡ ಮತ್ತು ನಮ್ಮ ತಂಡ ಒಂದೇ ವೇದಿಕೆಯ ಮೇಲೆ ಆಡುವುದಿತ್ತು. ಧಾರವಾಡದವರು ತಮ್ಮ ಮಾತು ಮೆತ್ತಗೆ, ಪೇಡೆ ಮೆತ್ತಗೆ ಎಂದು ಬೀಗುವುದು ಸಾಲದೆ, ಹುಬ್ಬಳ್ಳಿಯ ಹೆಂಗಸರು ಲೇಜಿಮನ್ನು ಜೋಳ ಕುಟ್ಟಿದಂತೆ ಆಡುತ್ತಾರೆ ಎಂದಿದ್ದರಂತೆ. ಅತ್ತೆಯವರಿಗೆ ಆ ಮಾತು ಎದೆಯಲ್ಲಿ ಕುಳಿತಿತ್ತು. ಹಿಂದಿನ ಸಂಜೆ ಉಣಕಲ್ ಕೆರೆಯ ದಂಡೆಯಲ್ಲಿ ಕಡೆಯ ತಾಲೀಮು ನಡೆದಾಗ ಮಳೆ ಬಂತು. ಸೀಟಿ ಊದಿದ ನಾಯಕಿ ಮಳೆಗೆ ಹೆದರಿ ನಿಲ್ಲಿಸಲಿಲ್ಲ. ಎಂಟು ಸೀರೆಗಳೂ ಮೊಳಕಾಲಿನವರೆಗೆ ಕೆಸರಾದವು. ಹೆಂಗಸರು ಕಂಗಾಲಾದಾಗ ಅತ್ತೆಯವರು ಎದೆಯ ಮೇಲೆ ಕೈಯಿಟ್ಟು, ತಂದು ನಮ್ಮ ಮನೆಗೆ ಹಾಕ್ರಿ, ನಮ್ಮ ಮಷೀನು ತಾಸಿನ್ಯಾಗ ಒಣಗಿಸಿ ಕೊಡತೈತಿ ಎಂದುಬಿಟ್ಟರು.

ಮನೆಗೆ ಬಂದು ನನ್ನನ್ನು ಅಡುಗೆಮನೆಯ ಮೂಲೆಗೆ ಕರೆದರು. ಅವರ ದನಿ ಸಣ್ಣದಾಗಿತ್ತು.

"ಏನ್ ಮಾಡ್ತೀಯೋ ಗೊತ್ತಿಲ್ಲವಾ. ಹಸಿ ಸೀರಿ ಉಟ್ಟು ಆ ಧಾರವಾಡದವರ ಮುಂದ ನಾನು ನಿಂದ್ರೂದಿಲ್ಲ. ಒಣಗಲಿಲ್ಲಂದ್ರ ತಂಡಾನ ಮುರಿದು ಹಾಕ್ತೇನಿ. ಸೀಟಿ ಕೆರಿಗೆ ಒಗೀತೇನಿ."

ಅವರು ತಮಾಷೆಗೆ ಹೇಳಿರಲಿಲ್ಲ. ಮಾವನವರು ತೀರಿದ ಮೇಲೆ ವರ್ಷಗಟ್ಟಲೆ ಮೂಲೆ ಹಿಡಿದು ಕುಳಿತಿದ್ದ ಹೆಣ್ಣುಮಗಳನ್ನು ಎಬ್ಬಿಸಿ ಹೊರಗೆ ತಂದದ್ದೇ ಆ ಲೇಜಿಮ್. ಆ ಸೀಟಿ ಕೆರೆಗೆ ಹೋಗಬಾರದು ಎಂದು ನಾನು ಮನಸ್ಸಿನಲ್ಲೇ ನಿಶ್ಚಯಿಸಿದೆ.

ಈಗ ಆ ಬೆಳಿಗ್ಗೆಗೆ ಬರುತ್ತೇನೆ. ನಮ್ಮವರು ಯಾರ್ಡಿಗೆ ಹೋದಮೇಲೆ ಸೀರೆಗಳನ್ನು ನಾಲ್ಕು ನಾಲ್ಕಾಗಿ ಒಗೆದೆ. ಹಿಂಡಿ ಬಂದ ಸೀರೆಗಳು ಬೆಳ್ಳಗೆ ಬೆಳದಿಂಗಳಂತಿದ್ದವು. ಮೊದಲ ನಾಲ್ಕನ್ನು ಮತ್ತೆ ಒಳಗೆ ಹಾಕಿ ಒಣಗಿಸುವ ಗುಂಡಿ ತಿರುಗಿಸಿ ಸ್ಟೂಲಿನ ಮೇಲೆ ಕುಳಿತೆ. ಮಧ್ಯಾಹ್ನ ಬಾಗಿಲು ತೆರೆದಾಗ ನನ್ನ ಕನ್ನಡಕ ಮಂಜಾಯಿತು. ಇಡ್ಲಿ.

ಗೋಡೆಯಾಚೆಯ ಸರೋಜಕ್ಕ ಆಗಲೇ ಎರಡು ಸಲ ಇಣುಕಿ ಹೋಗಿದ್ದರು. ಅವರೂ ಲೇಜಿಮ್ ತಂಡದವರು, ಎಂಟರಲ್ಲಿ ಒಂದು ಸೀರೆ ಅವರದು. ಹಬೆ ನೋಡಿ, ಒಳಗ ಒಂದೀಟು ಉಪ್ಪು ಹಾಕೀಯಿಲ್ಲೋ ಎಂದು ಕೇಳಿ, ತಮ್ಮ ಜೋಕಿಗೆ ತಾವೇ ನಕ್ಕು ಒಳಗೆ ಹೋದರು. ಅತ್ತೆಯವರು ನಗಲಿಲ್ಲ. ಪಡಸಾಲೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ಪಡಸಾಲೆಗೆ ಓಡಾಡುತ್ತ, ಸೀಟಿಯನ್ನು ತುಟಿಗಿಟ್ಟು ಊದದೆ ತೆಗೆಯುತ್ತಿದ್ದರು.

ಒಣಗಿಸುವಾಗ ಒಗೆತದ ಅರ್ಧದಷ್ಟು ಬಟ್ಟೆ ಮಾತ್ರ ಹಾಕಬೇಕು, ಇದು ನನಗೆ ಗೊತ್ತಿತ್ತು. ಇನ್ನೂ ಕಡಿಮೆ ಮಾಡಿ ಎರಡೇ ಸೀರೆ ಹಾಕಿದೆ. ಜಾಳಿಗೆಯ ನೂಲಿನ ಕಸ ತೆಗೆದೆ. ಹಿಂದಿನ ಕೊಳವೆ ಮಡಚಿಕೊಂಡಿದೆಯೇ ಎಂದು ಮೊಳಕಾಲೂರಿ ಕೈಯಾಡಿಸಿದೆ. ಎಲ್ಲ ಸರಿಯಿತ್ತು. ಯಂತ್ರ ಹಾಡುತ್ತಲೇ ಇತ್ತು. ಗಡಿಯಾರ ಓಡುತ್ತಿತ್ತು. ಏನು ಮಾಡಲೂ ತೋಚದೆ ನೆಲದ ಮೇಲೆ ಕುಳಿತು, ಸಿಸ್ಟರ್ ಹೇಳಿದಂತೆ ಮೂಸಿದೆ, ಮುಟ್ಟಿದೆ, ಕಡೆಗೆ ಕಣ್ಣಿನಿಂದ ನೋಡಿದೆ.

ಆಗ ಇರುವೆಗಳು ಕಂಡವು.

ಯಂತ್ರದ ನೀರು ಹೊರಗೆ ಬರುವ ಕೊಳವೆಯ ಬಾಯಿ ಬಚ್ಚಲಿನ ಮೋರಿಯಲ್ಲಿ ಬಿದ್ದಿರುತ್ತಿತ್ತು. ಇರುವೆಗಳ ಸಾಲೊಂದು ಆ ಬಾಯಿಯ ಮುಂದೆಯೇ ನೆಮ್ಮದಿಯಿಂದ ಹಾದುಹೋಗುತ್ತಿತ್ತು. ಒಂದು ಇರುವೆಯಂತೂ ಕೊಳವೆಯ ಒಳಗೇ ಹೋಗಿ ನೋಡಿ ಬಂತು. ಮೆಕ್ಯಾನಿಕ್ ಬಂದ ದಿನಗಳು ನೆನಪಾದವು. ಆಗ ಟವೆಲು ಒಣಗುವಷ್ಟು ಹೊತ್ತೂ ಅದೇ ಕೊಳವೆಯಿಂದ ಬೆಚ್ಚನೆಯ ನೀರು ಸಣ್ಣಗೆ ಹರಿಯುತ್ತಿತ್ತು. ನಾನು ಚಹದ ಕಪ್ಪು ತೊಳೆಯಲು ಬಂದು ಅದನ್ನು ತುಳಿದು ಪಾದಕ್ಕೆ ಹಿತವಾದದ್ದೂ ನೆನಪಾಯಿತು. ಈಗ ಒಂದು ಹನಿ ಇಲ್ಲ. ಹಾಗಾದರೆ ಒಣಗಿಸುವಾಗಲೂ ಇದಕ್ಕೆ ನೀರು ಬೇಕು. ಒಳಗಿನ ಹಬೆಯನ್ನು ತಣ್ಣೀರು ತಾಗಿಸಿ ಮತ್ತೆ ನೀರು ಮಾಡಿ ಹೊರಗೆ ಕಳಿಸುತ್ತದೆ. ತಣ್ಣೀರಿಲ್ಲದಿದ್ದರೆ ಹಬೆ ಹೋಗುವುದಾದರೂ ಎಲ್ಲಿಗೆ? ಬಟ್ಟೆ ಒಣಗಿಸಲು ನೀರು ಬೇಕಾಗುತ್ತದೆ ಎಂದು ಹುಬ್ಬಳ್ಳಿಯ ಯಾವ ಹೆಣ್ಣುಮಗಳ ತಲೆಗೆ ಹೊಳೆಯಬೇಕು ಹೇಳಿ. ನಮ್ಮ ಊರಿನಲ್ಲಿ ಮೆಕ್ಯಾನಿಕ್‌ಗೂ ಹೊಳೆದಿರಲಿಲ್ಲ.

ತಲೆಯೆತ್ತಿ ಯಂತ್ರಕ್ಕೆ ನೀರು ಬಿಡುವ ಗೋಡೆಯ ನಲ್ಲಿಯನ್ನು ನೋಡಿದೆ. ಒಗೆಯುವಾಗ ನಾನೇ ತೆರೆದಿದ್ದ ನಲ್ಲಿ ಬಿಗಿಯಾಗಿ ಬಂದ್ ಆಗಿತ್ತು. ಹಿತ್ತಾಳೆಯ ಹಿಡಿಕೆಯ ಮೇಲೆ ಬೂದು ಬಣ್ಣದ ಮೂರು ಗೆರೆಗಳು ಮೂಡಿದ್ದವು. ವಿಭೂತಿ ಹಚ್ಚಿಕೊಂಡ ಮೂರು ಬೆರಳುಗಳ ಗುರುತು.

ನನಗೆ ಒಮ್ಮೆಲೇ ಎಲ್ಲ ಕಣ್ಣಿಗೆ ಕಟ್ಟಿತು. ಹಿತ್ತಲಿಗೆ ಹೋಗುವ ದಾರಿ ಬಚ್ಚಲಿನ ಮೂಲಕ. ಯಂತ್ರ ನೀರು ಚೆಲ್ಲಿ ಸುಮ್ಮನಾದದ್ದು ಕೇಳಿದರೆ ಸಾಕು, ದಾಟಿಹೋಗುವ ಅತ್ತೆಯವರ ಕೈ ತಾನಾಗಿ ಚಾಚಿ ನಲ್ಲಿ ಬಂದ್ ಮಾಡುತ್ತಿತ್ತು. ಜೀವಮಾನವಿಡೀ ಕೊಡ ಕಾದ ಕೈ ಅದು, ಅವರನ್ನು ಕೇಳಿ ಮಾಡುತ್ತಿರಲಿಲ್ಲ. ಮೆಕ್ಯಾನಿಕ್ ಬಂದಾಗ ಮಾತ್ರ, ಪರಗಂಡಸು ಬಚ್ಚಲಲ್ಲಿದ್ದಾನೆಂದು ಅವರು ಪಡಸಾಲೆ ಬಿಟ್ಟು ಕದಲುತ್ತಿರಲಿಲ್ಲ. ನಗು ತಡೆಯಲಾಗಲಿಲ್ಲ, ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಆಮೇಲೆ ಅದೇ ಸೆರಗಿನಿಂದ ಹಿಡಿಕೆಯ ಮೇಲಿನ ಮೂರು ಗೆರೆಗಳನ್ನು ಒರೆಸಿಬಿಟ್ಟೆ. ಆ ಹೊತ್ತಿನಲ್ಲಿ ಅವರ ಮುಖ ನೋಡಿ, ಇದು ನಿಮ್ಮಿಂದಲೇ ಆದದ್ದು ಎನ್ನುವ ಧೈರ್ಯವಾಗಲಿ ಮನಸ್ಸಾಗಲಿ ನನಗಿರಲಿಲ್ಲ.

ನಲ್ಲಿ ತೆರೆದೆ. ಕೊಳವೆಯಿಂದ ಬೆಚ್ಚನೆಯ ನೀರು ಸಣ್ಣಗೆ ಇಳಿಯಿತು, ಇರುವೆಗಳು ಚೆಲ್ಲಾಪಿಲ್ಲಿಯಾದವು. ಈಗ ಒಂದೇ ಕೆಲಸ ಉಳಿದಿತ್ತು, ಆ ಕೈಯನ್ನು ನಲ್ಲಿಯಿಂದ ದೂರ ಇಡುವುದು. ಅಡುಗೆಮನೆಯಲ್ಲಿ ಕೈಗೆ ಸಿಕ್ಕಿದ್ದನ್ನು ತಂದು ಪಕ್ಕದಲ್ಲಿಟ್ಟುಕೊಂಡು, ಸ್ಟೂಲನ್ನು ನಲ್ಲಿಯ ಕೆಳಗೇ ಎಳೆದುಕೊಂಡು ಕುಳಿತೆ. ಅತ್ತೆಯವರು ಹಿತ್ತಲಿಗೆಂದು ಬಂದರು. ಹರಿಯುವ ನೀರಿನ ಸಪ್ಪಳಕ್ಕೆ ಕೈ ಚಾಚಿತು. ಚಾಚಿದ ಕೈಗೆ ಚಹದ ಕಪ್ಪು ಕೊಟ್ಟೆ. ಕುಡಿದು ಹೋದರು. ತಿರುಗಿ ಬಂದರು, ಕೈ ಮತ್ತೆ ಚಾಚಿತು. ಒಂದು ಬಟ್ಟಲು ಚುರಮರಿ ಕೊಟ್ಟೆ. ಮೂರನೆಯ ಸಲ ಬಾಳೆಹಣ್ಣು. ನಾಲ್ಕನೆಯ ಸಲ ಕೊಡಲು ಏನೂ ಉಳಿಯದೆ ನನ್ನ ಕೈಯನ್ನೇ ಕೊಟ್ಟೆ. ಅವರು ಹಿಡಿದುಕೊಂಡು ನಿಂತರು.

"ಯಾಕವಾ, ನಡಗಾಕತ್ತೀಯಲ್ಲ?"

ನಡುಗುತ್ತಿರಲಿಲ್ಲ, ನಗು ತಡೆಯುತ್ತಿದ್ದೆ. ಮಾತಾಡಿದರೆ ಬಾಯಿಂದ ನಗುವೇ ಬರುತ್ತದೆಂದು ಬಾಗಿಲು ತೆರೆದು ತೋರಿಸಿದೆ. ಎರಡು ಸೀರೆಗಳು ಗರಿಗರಿಯಾಗಿ, ಬೆಚ್ಚಗೆ, ಕೂಸಿನಂತೆ ನನ್ನ ತೊಡೆಯ ಮೇಲೆ ಬಂದವು. ಅತ್ತೆಯವರು ಒಂದನ್ನು ಎತ್ತಿ ಕೆನ್ನೆಗೆ ಒತ್ತಿಕೊಂಡರು. ಬಹಳ ಹೊತ್ತು ತೆಗೆಯಲಿಲ್ಲ.

"ಏನಾಗಿತ್ತ ಇದಕ್ಕ ಇಷ್ಟ ದಿನ?"

"ನಲ್ಲಿ ಬಂದ್ ಇತ್ತರಿ, ಅತ್ತಿ. ಒಣಗಸಾಕೂ ನೀರು ಬೇಕಂತ ಇದಕ್ಕ."

ಅವರು ನಲ್ಲಿಯನ್ನು ನೋಡಿದರು, ನನ್ನನ್ನು ನೋಡಿದರು. ಯಾರು ಬಂದ್ ಮಾಡಿದ್ದು ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಇನ್ನ ಮ್ಯಾಲೆ ಲಕ್ಷ್ಯ ಇಟ್ಟು ನೋಡಬೇಕು ಎಂದಷ್ಟೇ ಅಂದು, ಅಂಗಳಕ್ಕೆ ಹೋಗಿ ಉದ್ದಕ್ಕೆ ಸೀಟಿ ಊದಿದರು. ಓಣಿಯ ನಾಯಿಗಳೂ ಲೇಜಿಮ್ ತಂಡವೂ ಒಟ್ಟಿಗೆ ನಮ್ಮ ಗೇಟಿಗೆ ಬಂದವು.

ಉಳಿದ ಸೀರೆಗಳು ಒಂದರ ಹಿಂದೊಂದು ಒಣಗಿದವು. ಕಡೆಯದು ಹೊರಬಂದಾಗ ಟೆಂಪೋ ಗೇಟಿನಲ್ಲಿ ಹಾರ್ನ್ ಹೊಡೆಯುತ್ತಿತ್ತು. ಒಂದು ತೊಂದರೆ ಮಾತ್ರ ಉಳಿಯಿತು. ಯಂತ್ರದಲ್ಲಿ ಒಣಗಿದ ನೂಲಿನ ಸೀರೆ ಅಜ್ಜಿಯ ಅಂಗೈಯಷ್ಟು ಸುಕ್ಕಾಗಿರುತ್ತದೆ. ಇಸ್ತ್ರಿಗೆಂದು ಪ್ಲಗ್ ಚುಚ್ಚಿದಾಗ ಕರೆಂಟು ಹೋಯಿತು. ಎಂಟೂ ಜನ ಸುಕ್ಕು ಸೀರೆಗಳನ್ನೇ ಕಚ್ಚೆ ಕಟ್ಟಿಕೊಂಡು, ಬೆಚ್ಚಗಿನ ಸೀರೆಯ ಸುಖಕ್ಕೆ ಕಿಸಿಕಿಸಿ ನಗುತ್ತ ಟೆಂಪೋ ಹತ್ತಿದರು. ನಾನೂ ನಮ್ಮವರೂ ಸ್ಕೂಟರಿನಲ್ಲಿ ಹಿಂದೆ ಹೋದೆವು.

ಧಾರವಾಡದ ತಂಡದವರ ಸೀರೆಗಳು ಇಸ್ತ್ರಿಯ ಗೆರೆ ಮುರಿಯದಂತೆ ಇದ್ದವು, ಆದರೆ ಮಳೆಗಾಲದಲ್ಲಿ ಪೂರಾ ಒಣಗದ ಸೀರೆಗಳು, ಒಳಗೆ ಇನ್ನೂ ಹಸಿಯಾಗಿದ್ದವು. ಕಾಲಿಗೆ ಅಂಟಿಕೊಂಡು ಅವರನ್ನು ಬಗ್ಗಗೊಡಲಿಲ್ಲ. ಅವರು ಮೆತ್ತಗೆ, ಬಹಳ ಮೆತ್ತಗೆ ಆಡಿದರು. ಆಮೇಲೆ ನಮ್ಮ ತಂಡದವರು ವೇದಿಕೆ ಏರಿದರು. ಅತ್ತೆಯವರು ಸೀಟಿ ಊದಿದ್ದೇ ಎಂಟು ಲೇಜಿಮುಗಳು ಒಂದೇ ಸಲ ಝಲ್ಲೆಂದವು. ಬಗ್ಗಿದರು, ಎದ್ದರು, ಕುಪ್ಪಳಿಸಿದರು, ಜೋಳವನ್ನೇನು ಕಲ್ಲನ್ನೂ ಕುಟ್ಟುವಂತೆ ಆಡಿದರು. ಅರವತ್ತು ದಾಟಿದ ಅತ್ತೆ ಕಡೆಗೆ ನೆಲದಿಂದ ಒಂದು ಗೇಣು ಮೇಲೆ ಹಾರಿದ್ದನ್ನು ನಾನು ಕಣ್ಣಾರೆ ಕಂಡೆ. ನಮ್ಮವರು ಪಕ್ಕದಲ್ಲಿ ಸೀಟಿ ಹೊಡೆಯಲು ಬೆರಳು ಬಾಯಿಗಿಟ್ಟು, ಆಡುವವಳು ತಾಯಿ ಎಂಬುದು ನೆನಪಾಗಿ ತೆಗೆದರು. ಕೆಳಗಿಳಿದ ಮೇಲೆ ಧಾರವಾಡದ ಒಬ್ಬ ಹೆಣ್ಣುಮಗಳು ಅತ್ತೆಯವರ ಸೆರಗು ಹಿಡಿದು, ಈ ಸುಕ್ಕಿನ ಅರಿವಿ ಎಲ್ಲಿ ಸಿಗತೈತ್ರಿ, ಭಾಳ ಹಗುರ ಕಾಣತೈತಿ ಎಂದು ಕೇಳಿದಳು. ಅತ್ತೆಯವರು ಬೆವರು ಒರೆಸಿಕೊಳ್ಳುತ್ತ, ಅದಕ್ಕ ಮನ್ಯಾಗ ಮಷೀನು ಇರಬೇಕವಾ ಎಂದರು.

ಸೊಸೆಗೆ ಚಾರ್ಜು ಕೊಡುವಾಗ ಯಂತ್ರ ಮೂರನೆಯದಾಗಿತ್ತು. ಅದು ದೋಷವಿದ್ದರೆ ತಾನೇ ಬೀಪ್ ಎಂದು ಕೂಗಿ ಅಂಕಿಗಳಲ್ಲಿ ಹೇಳುತ್ತದೆ, ಇರುವೆಗಳನ್ನು ನೋಡುತ್ತ ಕೂಡಬೇಕಿಲ್ಲ. ಆದರೂ ಒಣಗಿಸುವ ಗುಂಡಿ ಒತ್ತುವ ಮೊದಲು ಒಮ್ಮೆ ನಲ್ಲಿಯ ಕಡೆ ನೋಡಿರಿ. ನನ್ನ ಇಡೀ ಸೇವಾವಧಿಯ ಸಾರ ಇಷ್ಟೇ.

ಆ ಸಂಜೆ ನಾವು ಸ್ಕೂಟರಿನಲ್ಲಿ ಮನೆ ಮುಟ್ಟುವ ಹೊತ್ತಿಗೆ ಟೆಂಪೋ ಬಂದು ಹೋಗಿತ್ತು. ಧಾರವಾಡದಿಂದ ಉಣಕಲ್‌ವರೆಗೆ ದಾರಿಯುದ್ದಕ್ಕೂ ಅತ್ತೆಯವರೊಬ್ಬರೇ ಮಾತಾಡಿದ್ದರಂತೆ. ಸರೋಜಕ್ಕ ತಮ್ಮ ಗೇಟಿನಲ್ಲಿ ಕೊಡೆ ಜಾಡಿಸುತ್ತ ನಿಂತಿದ್ದರು. ನಾನು ಸ್ಕೂಟರಿನಿಂದ ಇಳಿಯುವುದನ್ನು ನೋಡಿ, ಕೊಡೆ ಮಡಚುತ್ತಲೇ ಹೇಳಿದರು:

"ಅಲ್ಲವಾ, ಇಷ್ಟು ಓದಿದಾಕಿ, ಇಷ್ಟ ದಿನ ನಲ್ಲಿ ಬಂದ್ ಮಾಡಿ ಒಣಗಸಾಕತ್ತಿದ್ಯಂತಲ್ಲ. ನಿಮ್ಮತ್ತಿ ಲಕ್ಷ್ಯ ಇಟ್ಟು ನೋಡಿದ್ದಕ್ಕ ಆತು. ನಾಳೆ ನಮ್ಮ ಹೊಚ್ಚಿಕೊಳ್ಳೂ ಕೌದಿ ಕೊಟ್ಟು ಕಳಸ್ತೇನಿ, ಅವರ ಕೈಲೇ ಹಾಕಸು. ಕೈಗುಣ ಛಲೋ ಐತಿ ಅವರದು."